ಎರಡು ಬಾಟ್ಲಿ ಲ್ಯಾಬಿನ ನೀರು

ನೀರಿನ ವಿಷಯದಲ್ಲಿ ನನಗೆ ಅಹಂಕಾರ ಇತ್ತು. ರೂಪ, ಸೀರೆ, ಅಡುಗೆ ಇವುಗಳಲ್ಲೆಲ್ಲ ನಾನು ಸಾಧಾರಣ ಎಂದು ನನಗೇ ಗೊತ್ತಿತ್ತು, ಅದರ ಬಗ್ಗೆ ಬೇಸರವೂ ಇರಲಿಲ್ಲ. ಆದರೆ ನೀರು ಎಂದ ಕೂಡಲೇ ನನ್ನ ಧ್ವನಿ ಏರುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಡಿಸ್ಟಿಲ್ಡ್ ವಾಟರ್, ಅಂದರೆ ಭಟ್ಟಿ ಇಳಿಸಿದ ನೀರು, ತಯಾರಿಸುವುದು ಅಲ್ಲಿ ನನ್ನ ಕೆಲಸವಾಗಿತ್ತು.

ತಾಮ್ರದ ಹಂಡೆಯಲ್ಲಿ ನೀರು ಕುದಿಯುತ್ತದೆ, ಆವಿ ಗಾಜಿನ ಕೊಳವೆಯೊಳಗೆ ತಣ್ಣಗಾಗಿ ಹನಿ ಹನಿಯಾಗಿ ಬಾಟ್ಲಿಗೆ ಬೀಳುತ್ತದೆ. ಮೊದಲು ಬಿದ್ದ ನೀರನ್ನು ಚೆಲ್ಲಬೇಕು. ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಹಂಡೆಯ ತಳದಲ್ಲಿ ಕಟ್ಟಿದ ಬಿಳಿ ಗಸಿಯನ್ನು ಪ್ರತಿ ಶನಿವಾರ ಕೆರೆದು ತೆಗೆಯಬೇಕು. ಆ ಗಸಿ ಕೆರೆಯುವಾಗಲೆಲ್ಲ ನನಗೆ ಬರುತ್ತಿದ್ದದ್ದು ಒಂದೇ ಯೋಚನೆ: ಇಡೀ ಊರು ಇದನ್ನು ದಿನಾ ಹೊಟ್ಟೆಗೆ ಇಳಿಸಿಕೊಳ್ಳುತ್ತಿದೆಯಲ್ಲ, ಯಾರಿಗೂ ಗೊತ್ತಿಲ್ಲವಲ್ಲ. ಒಂದು ದಿನ ಬಾಟ್ಲಿಯಿಂದ ಒಂದು ಲೋಟ ಬಗ್ಗಿಸಿ ಕುಡಿಯುತ್ತಿದ್ದೆ. ನಮ್ಮ ಅಧ್ಯಾಪಕರು ನೋಡಿ ನಕ್ಕರು. “ಅದು ಕುಡೀಲಿಕ್ಕೆ ಇರುವುದಲ್ಲಮ್ಮ, ಬಾಟ್ಲಿ ತೊಳೀಲಿಕ್ಕೆ ಇರುವುದು” ಎಂದರು. ನೀರು ಹಾಳು ಮಾಡಬೇಡ ಎಂದು ಹೇಳುತ್ತಿದ್ದಾರೆ ಅಂತ ನಾನು ತಿಳಿದುಕೊಂಡೆ. ಅಹಂಕಾರ ಇರುವವರಿಗೆ ಕಿವಿ ಅರ್ಧವೇ ಕೇಳಿಸುತ್ತದೆ.

ನಮ್ಮ ಮನೆ ಕುದ್ರೋಳಿಯಲ್ಲಿತ್ತು. ಗಂಡ ಬಂದರಿನ ಒಂದು ಸಾಮಾನಿನ ಮಳಿಗೆಯಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಬರುವವರು. ಮನೆಯಲ್ಲಿ ಅತ್ತೆ, ನಾನು, ಮತ್ತು ಹತ್ತು ತಿಂಗಳ ನನ್ನ ಮಗಳು. ಅತ್ತೆ ವಾಮಂಜೂರಿನ ಕಡೆಯ ಗದ್ದೆ ಬೇಸಾಯದ ಮನೆಯಲ್ಲಿ ಹುಟ್ಟಿದವರು. ಮನೆಯಲ್ಲಿ ನಮ್ಮ ಮಾತು ತುಳು. ತುಳುವಿನ ರೂಢಿಯಂತೆ ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ಕೆಲಸಕ್ಕೆ ಹೋಗುವ ಸೊಸೆ ಎಂದು ಅವರು ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಮಗುವಿಗೆ ನಾಲ್ಕು ತಿಂಗಳಾದಾಗ ನಾನು ಲ್ಯಾಬಿಗೆ ಮರಳಿದೆ, ನನ್ನ ಹಾಲು ಬೇಗ ಬತ್ತಿತು. ಅಲ್ಲಿಂದ ಮಗುವನ್ನು ಸಾಕಿದ್ದು ಅವರೇ, ನೀರು ಬೆರೆಸಿದ ದನದ ಹಾಲು, ರಾಗಿ ಸೋಸಿ ಕಾಯಿಸಿದ ಮಣ್ಣಿ, ಆಮೇಲೆ ಗಂಜಿ ತಿಳಿ ಕೊಟ್ಟು.

ಅತ್ತೆಗೆ ಒಂದು ಹರಕೆ ಇತ್ತು. ನನ್ನ ಗಂಡನಿಗಿಂತ ಮೊದಲು ಅವರಿಗೆ ಒಂದು ಹೆಣ್ಣು ಮಗು ಹುಟ್ಟಿ, ವರ್ಷ ತುಂಬುವ ಮೊದಲೇ ವಾಂತಿ ಭೇದಿಯಾಗಿ ಹೋಗಿತ್ತು. ನನಗೆ ಮಗಳು ಹುಟ್ಟಿದ ದಿನವೇ ಅವರು ತವರಿನ ದೇವರಿಗೆ ಹೇಳಿಕೊಂಡರು: ಈ ಮಗುವಿಗೆ ವರ್ಷ ತುಂಬುವವರೆಗೆ ನಾಲಿಗೆಗೆ ಉಪ್ಪು ತಾಗಿಸುವುದಿಲ್ಲ, ವರ್ಷ ತುಂಬಿದ ದಿನ ಅವಳ ತೂಕದ ಉಪ್ಪಿನಲ್ಲಿ ತುಲಾಭಾರ ಮಾಡಿಸುತ್ತೇನೆ, ಅವಳ ಮೊದಲ ಉಪ್ಪು ದೇವರ ಎದುರಿನದ್ದೇ ಆಗಬೇಕು. ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಉಪ್ಪಿಲ್ಲದ ಗಂಜಿ ಕುಡಿದರೆ ಮಗುವಿಗೆ ಏನೂ ಆಗುವುದಿಲ್ಲ ಎಂದು ಸುಮ್ಮನಿದ್ದೆ. ಅವಳು ಚೆನ್ನಾಗಿಯೇ ಬೆಳೆಯುತ್ತಿದ್ದಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತ, ಅತ್ತೆಯ ಕಿವಿಯೋಲೆ ಹಿಡಿದು ಎಳೆಯುತ್ತ.

ನಮ್ಮ ಬಾವಿ ನಮ್ಮದಷ್ಟೇ ಅಲ್ಲ. ಎರಡು ಹಿತ್ತಿಲುಗಳ ನಡುವೆ ಇತ್ತು ಅದು, ನಡುವೆ ಮೋಟು ಗೋಡೆ, ಆಚೆ ಕಡೆಯಿಂದ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯವರು ಸೇದುತ್ತಿದ್ದರು. ಮಳೆಗಾಲದಲ್ಲಿ ನೀರು ಸಿಹಿ. ಸಂಕ್ರಾಂತಿ ಕಳೆಯಿತೋ, ಸಮುದ್ರ ಹತ್ತಿರ ಇರುವ ಎಲ್ಲ ಬಾವಿಗಳ ಹಾಗೆ ಅದೂ ಸವುಳು ಆಗುತ್ತಿತ್ತು, ಒಂದು ಗುಟುಕಿಗೆ ಉಪ್ಪು ಎಂದು ಗೊತ್ತಾಗುತ್ತಿತ್ತು. ಚಹಾ ಕೂಡ ಕಣ್ಣೀರು ಬಿದ್ದ ಹಾಗೆ ಇರುತ್ತಿತ್ತು. ಅತ್ತೆಗೆ ಅದು ಲೆಕ್ಕಕ್ಕೇ ಇಲ್ಲ. ನನಗೆ ಮೈಯೆಲ್ಲ ಉರಿ.

ಆ ವರ್ಷ ಶಿವರಾತ್ರಿ ಕಳೆದ ಒಂದು ಭಾನುವಾರ ನಾನು ಅತ್ತೆಗೆ ಪಾಠ ಹೇಳಲು ಹೊರಟೆ. ಅಗಲದ ಹಿತ್ತಾಳೆ ತಟ್ಟೆಯಲ್ಲಿ ಬಾವಿ ನೀರು ಹಾಕಿ ಒಲೆಯ ಮೇಲೆ ಬತ್ತಿಸಿದೆ. ನೀರೆಲ್ಲ ಹೋಗಿ ಅಂಚಿನ ಸುತ್ತ ಬಿಳಿ ಗೆರೆ ಉಳಿಯಿತು. ತಟ್ಟೆ ತಂದು ಅವರ ಮುಂದಿಟ್ಟೆ.

“ಮಾಮಿ, ಇದು ನೋಡಿ.”

“ಎಂತ ಅದು?”

“ನಾವು ಕುಡಿಯುವ ನೀರಲ್ಲಿ ಇರುವುದು. ನೀರು ಹೋಯ್ತು, ಇದು ಉಳೀತು. ಇದೇ ಮಗುವಿನ ಹೊಟ್ಟೆಗೆ ಹೋಗ್ತಾ ಇರುವುದು.”

ಅತ್ತೆ ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟರು. ನಕ್ಕರು. “ಉಪ್ಪು ಮಾರಾಯ್ತಿ ಇದು. ನಾನು ಎಂತದೋ ಅಂತ ಹೆದರಿದೆ.”

ಆ ನಗು ನನ್ನನ್ನು ಕೆಣಕಿತು. ಇಷ್ಟು ಓದಿದ್ದೇನೆ, ಇಷ್ಟು ವಿವರಿಸುತ್ತಿದ್ದೇನೆ, ಇವರಿಗೆ ನಗು. ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ನಾನು ನುಂಗಿಕೊಳ್ಳಲಾರೆ.

“ಉಪ್ಪೇ ಮಾಮಿ. ಹಾಗಾದ್ರೆ ನೀವು ಮಗುವಿಗೆ ದಿನಾ ಉಪ್ಪು ಕೊಡ್ತಾ ಇದ್ದೀರಿ. ನಿಮ್ಮ ಹರಕೆ ಎಲ್ಲಿ ಉಳೀತು?”

ಅತ್ತೆಯ ಮುಖದ ಬಣ್ಣ ಹೋಯಿತು. ತಟ್ಟೆಯನ್ನೂ ಮಗುವನ್ನೂ ನೋಡಿದರು. ಆ ಕ್ಷಣಕ್ಕೆ ನನಗೆ ಗೆದ್ದ ಖುಷಿ. ನಾನು ನಂಬದ ಹರಕೆಯನ್ನೇ ಹಿಡಿದು ಅವರನ್ನು ಹೆದರಿಸಿದೆ ಎಂಬ ನಾಚಿಕೆ ಆಗ ನನಗೆ ತೋಚಲೇ ಇಲ್ಲ.

“ಇಷ್ಟು ದಿನದ್ದು ಹೋಯ್ತಲ್ಲ. ಇನ್ನು ಎಂತ ಮಾಡುವುದು?” ಎಂದು ಸಣ್ಣ ಧ್ವನಿಯಲ್ಲಿ ಕೇಳಿದರು.

“ಗೊತ್ತಿಲ್ಲದೆ ಆದದ್ದಕ್ಕೆ ದೋಷ ಇಲ್ಲ. ಇನ್ನು ಲ್ಯಾಬಿನ ನೀರು ತರ್ತೇನೆ. ಅದರಲ್ಲಿ ಒಂದು ಕಣ ಉಪ್ಪಿಲ್ಲ.”

ಮರುದಿನದಿಂದ ಸಂಜೆ ಉಳಿದ ನೀರನ್ನು ಎರಡು ಕಂದು ಗಾಜಿನ ಬಾಟ್ಲಿಗಳಲ್ಲಿ ತುಂಬಿಸಿ ತರತೊಡಗಿದೆ. ಚೆಲ್ಲುವ ನೀರು ಯಾಕೆ ಹಾಳಾಗಬೇಕು, ಮನೆಗೆ ಒಯ್ಯಲೇ ಎಂದು ಅಧ್ಯಾಪಕರನ್ನು ಕೇಳಿದ್ದೆ. ಒಯ್ಯಿ ಎಂದಿದ್ದರು. ಯಾಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಗುಡ್ಡ ಇಳಿದು ಕುದ್ರೋಳಿಗೆ ಬರುವಾಗ ಬಟ್ಟೆ ಚೀಲದಲ್ಲಿ ಆ ಬಾಟ್ಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅತ್ತೆ ಜಗಲಿಯಲ್ಲಿ ಕಾಯುತ್ತಿದ್ದರು, ನನಗಾಗಿ ಅಲ್ಲ, ಬಾಟ್ಲಿಗಾಗಿ. ಮಗುವಿನ ಹಾಲಿಗೆ, ಗಂಜಿಗೆ, ರಾಗಿ ಮಣ್ಣಿಗೆ ಎಲ್ಲದಕ್ಕೂ ಅದೇ ನೀರು. ಬಾವಿ ನೀರಿನಲ್ಲಿ ತೊಳೆದ ಚಮಚವನ್ನು ಕೂಡ ಅವರು ಲ್ಯಾಬಿನ ನೀರಿನಿಂದ ಇನ್ನೊಮ್ಮೆ ತೊಳೆಯುತ್ತಿದ್ದರು. ನನಗಿಂತ ಕಟ್ಟುನಿಟ್ಟು ಅವರದ್ದು. ಗೋಡೆಯ ಆಚೆಯಿಂದ ಪಕ್ಕದ ಮನೆಯ ಅಕ್ಕ ನೋಡಿ ತಮಾಷೆ ಮಾಡಿದರು: “ನಮ್ಮ ಬಾವಿ ನಿಮ್ಮ ಮಗಳಿಗೆ ಆಗುವುದಿಲ್ವಾ? ನನ್ನ ಐದು ಮಕ್ಕಳು ಇದರಲ್ಲೇ ದೊಡ್ಡವರಾದದ್ದು.” ನಾನು ಆವಿ, ಗಸಿ, ಕೊಳವೆ ಎಂದು ಅವರಿಗೂ ಪಾಠ ಮಾಡಿದೆ.

ಆರು ವಾರ ಕಳೆಯಿತು. ಮಗು ಸ್ವಲ್ಪ ಮೆತ್ತಗಾಗಿದ್ದಾಳೆ ಎಂದು ಅತ್ತೆ ಒಮ್ಮೆ ಹೇಳಿದರು. ಸೆಕೆಗೆ ಎಂದೆ. ನಿಜಕ್ಕೂ ಆ ವರ್ಷ ಸೆಕೆ ಹೆಚ್ಚಿತ್ತು.

ಕಾಲೇಜಿಗೆ ರಜೆ ಸಿಗಲು ನಾಲ್ಕೈದು ದಿನ ಇರುವಾಗ ಮಗುವಿಗೆ ಭೇದಿ ಶುರುವಾಯಿತು. ಹತ್ತಿರದ ಡಾಕ್ಟರು ಪುಡಿ ಕೊಟ್ಟು, “ನೀರು ಕೊಡ್ತಾ ಇರಿ, ಎಷ್ಟು ಹೋಗ್ತದೋ ಅಷ್ಟು. ಮಕ್ಕಳು ಒಣಗಿ ಹೋಗುವುದೇ ಕಷ್ಟ” ಎಂದರು. ಎಂಥ ನೀರು ಎಂದು ಅವರು ಯಾಕೆ ಕೇಳಬೇಕು? ನೀರು ಎಂದರೆ ಎಲ್ಲರ ಮನೆಯಲ್ಲೂ ನೀರೇ. ನನಗೆ ಮಾತ್ರ ಅವರ ಮಾತು ಕೇಳಿ ಧೈರ್ಯ ಬಂತು. ನೀರೇ ಮದ್ದು ಎಂದಾದರೆ ನನ್ನ ಹತ್ತಿರ ಊರಿನಲ್ಲಿಯೇ ಅತ್ಯಂತ ಶುದ್ಧ ನೀರು ಉಂಟಲ್ಲ. ಲ್ಯಾಬಿಗೆ ರಜೆ ಹಾಕಿದೆ, ಮೊದಲ ದಿನವೇ ಹೋಗಿ ಇನ್ನೆರಡು ಬಾಟ್ಲಿ ತಂದಿಟ್ಟುಕೊಂಡೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿದೆ. ಹಾಲು ಬಂದ್ ಮಾಡಿದೆ. ಕಲ್ಲುಸಕ್ಕರೆ ಕರಗಿಸಿದ ನೀರು, ಬರೀ ನೀರು, ಮತ್ತೆ ನೀರು. ಅವಳು ಬಾಯಾರಿದವಳ ಹಾಗೆ ಕುಡಿದಳು, ಕುಡಿದಷ್ಟೂ ಮತ್ತೆ ಬೇಡಿದಳು. ಎರಡನೆಯ ದಿನ ಒಂದರಲ್ಲೇ ಹತ್ತಿರ ಹತ್ತಿರ ಒಂದು ಬಾಟ್ಲಿ ಮುಗಿಯಿತು.

ಮೂರನೆಯ ದಿನ ಬೆಳಿಗ್ಗೆ ಭೇದಿ ಕಡಿಮೆಯಾಗಿತ್ತು. ಆದರೆ ಮಗು ಎಚ್ಚರವಾಗಲೊಲ್ಲದು. ಎತ್ತಿದರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ರೆಪ್ಪೆ ಸ್ವಲ್ಪ ಊದಿಕೊಂಡಿತ್ತು. ಅತ್ತೆ ಅವಳ ಅಂಗಾಲು ಉಜ್ಜುತ್ತ, “ನನ್ನದೂ ಹೀಗೆಯೇ ಮಲಗಿತ್ತು” ಎಂದರು. ನನಗೆ ಸಿಟ್ಟು ಬಂತು. ಅಪಶಕುನ ನುಡಿಯಬೇಡಿ ಎಂದು ಗದರಿದೆ. ಮತ್ತೆ ಚಮಚ ತೆಗೆದುಕೊಂಡೆ.

ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಎಡಗೈ ತಾನಾಗಿ ಅದುರತೊಡಗಿತು. ಆಮೇಲೆ ಎಡಗಾಲು, ಆಮೇಲೆ ಮೈಯಿಡೀ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಹಲ್ಲು ಮೂಡದ ಬಾಯಿಯ ಮೂಲೆಯಲ್ಲಿ ನೊರೆ. ನಾನು ಅವಳನ್ನು ಎದೆಗೆ ಒತ್ತಿ ಹಿಡಿದೆ, ಒತ್ತಿದರೆ ನಿಲ್ಲುತ್ತದೋ ಎಂಬಂತೆ. ಅತ್ತೆ ಹಿತ್ತಿಲಿಗೆ ಓಡಿ ಗೋಡೆಯ ಆಚೆಗೆ ಕೂಗಿದರು. ಪಕ್ಕದ ಮನೆಯ ಅಕ್ಕ ಒದ್ದೆ ಕೈಯಲ್ಲೇ ಬಂದು, ಮಗುವನ್ನು ನೋಡಿ, ಹಾಗೆಯೇ ಹೊರಗೆ ಓಡಿದರು. ಐದು ನಿಮಿಷದಲ್ಲಿ ಅವರ ಗಂಡನ ಅಂಗಡಿಯ ವ್ಯಾನು ಬಾಗಿಲಲ್ಲಿ ನಿಂತಿತ್ತು. ಹೊರಡುವಾಗ ಅಭ್ಯಾಸ ಬಲದಿಂದ ನಾನು ಬಟ್ಟೆ ಚೀಲ ಹೆಗಲಿಗೇರಿಸಿದೆ. ಅದರಲ್ಲಿ ಮಗುವಿನ ಎರಡು ಬಟ್ಟೆ, ಚಮಚ, ಮತ್ತು ಒಂದು ಬಾಟ್ಲಿ ನೀರು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಡುಕ ನಿಂತಿತ್ತು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಮತ್ತೆ ಬಂತು. ವಯಸ್ಸಾದ ಡಾಕ್ಟರು, ಕೈ ಮೃದು, ಮಾತು ಒರಟು. ಇಂಜೆಕ್ಷನ್ ಚುಚ್ಚಿ, ನಡುಕ ಇಳಿಯುವುದನ್ನು ನೋಡುತ್ತ ಕೇಳಿದರು:

“ಏನು ಕೊಡ್ತಾ ಇದ್ರಿ ಮಗುವಿಗೆ?”

“ಭೇದಿ ಇತ್ತು ಡಾಕ್ಟ್ರೇ. ಪುಡಿ ಕೊಟ್ಟೆವು. ಮತ್ತೆ ನೀರು.”

“ಎಂತ ನೀರು?”

“ಶುದ್ಧ ನೀರು” ಎಂದೆ. ಸುಳ್ಳಲ್ಲ ಅದು. ಅಷ್ಟು ನಿಜವಾದ ಮಾತಿನೊಳಗೆ ಅಷ್ಟು ದೊಡ್ಡ ಸುಳ್ಳು ಅಡಗಬಹುದು ಎಂದು ನನಗೆ ಅವತ್ತು ತಿಳಿಯಿತು. ಯಾಕೆಂದರೆ ಎಂತ ನೀರು ಎಂದು ಅವರು ಕೇಳಿದ ಕೂಡಲೇ ನಾನು ಚೀಲದ ಬಾಯಿ ಮುಚ್ಚಿ ಹಿಡಿದುಕೊಂಡಿದ್ದೆ.

“ಊಟಕ್ಕೆ?”

“ಗಂಜಿ, ಮಣ್ಣಿ.”

“ಉಪ್ಪು ಹಾಕಿಯಾ, ಹಾಕದೆಯಾ?”

ನಾನು ಬಾಯಿ ತೆರೆಯುವ ಮೊದಲು ಅತ್ತೆ ಹೇಳಿದರು. “ಉಪ್ಪಿಲ್ಲ. ಹರಕೆ ಉಂಟು. ಹುಟ್ಟಿದಾಗಿನಿಂದ ಉಪ್ಪು ಮುಟ್ಟಿಸಲಿಲ್ಲ.”

ಡಾಕ್ಟರು ಅವರ ಕಡೆ ತಿರುಗಿದರು. ವಾರ್ಡಿನ ಎಲ್ಲರಿಗೂ ಕೇಳುವ ಹಾಗೆ ಬೈದರು. ಮಗುವಿನ ಮೈಯಿಂದ ಎರಡು ದಿನ ಉಪ್ಪು ಹರಿದು ಹೋಗಿದೆ, ನೀವು ಹರಕೆ ಹಿಡಿದು ಕೂತಿದ್ದೀರಿ, ದೇವರು ನಿಮ್ಮ ಹತ್ತಿರ ಮಗುವನ್ನು ಕೇಳಿದ್ದನಾ ಎಂದರು. ಅತ್ತೆ ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡು ನಿಂತರು. ಒಂದು ಮಗುವನ್ನು ಕಳೆದುಕೊಂಡವರು ಇನ್ನೊಂದನ್ನು ಉಳಿಸಲು ಹೇಳಿಕೊಂಡ ಹರಕೆ ಅದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಬೈಗುಳ ಅತ್ತೆಯ ಮೇಲೆ ಬೀಳುತ್ತಿದ್ದಷ್ಟು ಹೊತ್ತು ನನ್ನ ಮೇಲೆ ಬೀಳುವುದಿಲ್ಲವಲ್ಲ ಎಂದು ಸುಮ್ಮನೆ ನಿಂತಿದ್ದೆ. ಬರೆಯುವಾಗ ಕೈ ತಡೆಯುತ್ತದೆ, ಆದರೆ ಆದದ್ದು ಹೀಗೆಯೇ.

ಡಾಕ್ಟರು ಮಗುವಿನ ಕುತ್ತಿಗೆ ಬಗ್ಗಿಸಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. “ಆದ್ರೆ ಉಪ್ಪು ಹಾಕದ್ದೊಂದೇ ಇಷ್ಟು ಮಾಡ್ಲಿಕ್ಕಿಲ್ಲ” ಎಂದು ನರ್ಸಿಗೆ ಹೇಳಿದರು. “ಅಂಥ ಮಕ್ಕಳು ಈ ಜಿಲ್ಲೆಯಲ್ಲಿ ಬೇಕಾದಷ್ಟು ಉಂಟು. ಇದು ಮೆದುಳು ಜ್ವರ ಇರಬಹುದು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡುವ. ತಯಾರು ಮಾಡಿ.”

ನರ್ಸ್ ಒಂದು ಟ್ರೇ ತಂದಳು. ಬಿಳಿ ಬಟ್ಟೆಯ ಮೇಲೆ ಸೂಜಿ, ನನ್ನ ಬೆರಳಿಗಿಂತ ಉದ್ದ. ಮಗುವನ್ನು ಮಗ್ಗುಲಿಗೆ ತಿರುಗಿಸಿ, ಮೊಣಕಾಲನ್ನು ಗಲ್ಲಕ್ಕೆ ತಾಗುವ ಹಾಗೆ ಮಡಿಸಿ ಹಿಡಿದಳು. ಮಗುವಿನ ಬೆನ್ನು ಎಷ್ಟು ಸಣ್ಣದು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಮುಂದಕ್ಕೆ ಬಾಗಿದೆ. ಚೀಲ ಮಂಚದ ಕಬ್ಬಿಣಕ್ಕೆ ತಾಗಿತು, ಒಳಗೆ ಬಾಟ್ಲಿ ಟಣ್ ಎಂದಿತು.

ಅತ್ತೆ ಆ ಸದ್ದಿಗೆ ನನ್ನ ಕಡೆ ನೋಡಿದರು. ಅವರಿಗೆ ಬಾಟ್ಲಿಯ ನೆನಪೇ ಇದ್ದಿರಲಾರದು, ಅವರು ತಮ್ಮ ತಪ್ಪಿನಲ್ಲಿಯೇ ಮುಳುಗಿದ್ದರು. ಆದರೆ ನನಗೆ ತಡೆಯಲಾಗಲಿಲ್ಲ.

“ಡಾಕ್ಟ್ರೇ, ಒಂದು ವಿಷಯ ಉಂಟು.”

“ಬೇಗ ಹೇಳಿ.”

ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟೆ. “ಮಗುವಿಗೆ ಕೊಟ್ಟದ್ದು ಇದು. ಲ್ಯಾಬಿನ ಡಿಸ್ಟಿಲ್ಡ್ ವಾಟರ್. ನಾನೇ ಮಾಡುವುದು.”

ಅವರು ಬಿರಡೆ ತೆಗೆದು ಅಂಗೈಗೆ ಸ್ವಲ್ಪ ಬಗ್ಗಿಸಿ ನಾಲಿಗೆಗೆ ಮುಟ್ಟಿಸಿದರು. “ಎಷ್ಟು ದಿನದಿಂದ?”

“ಶಿವರಾತ್ರಿ ಕಳೆದ ಮೇಲಿಂದ.”

“ಗಂಜಿಗೂ ಇದೇ?”

“ಎಲ್ಲದಕ್ಕೂ.”

“ಭೇದಿ ಆದ ಮೇಲೆ?”

“ನಿನ್ನೆ ಒಂದು ಬಾಟ್ಲಿ ಕುಡಿಸಿದ್ದೇನೆ.”

ಅವರು ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಟ್ರೇ ಆಚೆ ಇಡಲು ನರ್ಸಿಗೆ ಕೈಸನ್ನೆ ಮಾಡಿ, ಸಲೈನ್ ಹಚ್ಚಲು ಹೇಳಿದರು, ಎಷ್ಟು ಗಟ್ಟಿಯದ್ದು, ಎಷ್ಟು ನಿಧಾನಕ್ಕೆ ಎಂದು ಎರಡು ಸಲ ಹೇಳಿದರು. ಆಮೇಲೆ ನನಗೆ: “ಭೇದಿಯಲ್ಲಿ ಬರೀ ನೀರು ಹೋಗುವುದಲ್ಲಮ್ಮ. ನೀರಿನ ಒಟ್ಟಿಗೆ ಉಪ್ಪೂ ಹೋಗ್ತದೆ. ನೀವು ನೀರು ಮಾತ್ರ ತುಂಬಿಸಿದ್ರಿ. ಒಳಗೆ ಉಳಿದಿದ್ದ ಸ್ವಲ್ಪ ಉಪ್ಪೂ ತೆಳ್ಳಗಾಯ್ತು. ಮೆದುಳು ತಡೆಯುವುದಿಲ್ಲ ಅದನ್ನು. ಉಪ್ಪು ತಿನ್ನುವ ದೊಡ್ಡವರು ಈ ನೀರು ಕುಡಿದ್ರೆ ಎಂತದೂ ಆಗ್ಲಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಅನ್ನದಲ್ಲೂ ಉಪ್ಪಿಲ್ಲ, ನೀರಲ್ಲೂ ಉಪ್ಪಿಲ್ಲ. ಇದನ್ನು ನೀವು ಬಂದ ಕೂಡಲೇ ಹೇಳಬೇಕಿತ್ತು.”

“ಸೂಜಿ?” ಎಂದು ಕೇಳಿದೆ.

“ಸಂಜೆಯವರೆಗೆ ನೋಡುವ. ಕಣ್ಣು ಬಿಟ್ರೆ ಬೇಡ.”

ಮಧ್ಯಾಹ್ನ ಒಂದು ಗಂಟೆಯಿಂದ ನಾವಿಬ್ಬರೂ ಆ ಮಂಚದ ಎರಡು ಕಡೆ ಕುಳಿತೆವು. ಮಗುವಿನ ತಲೆಯ ಒಂದು ಬದಿ ಬೋಳಿಸಿ ಅಲ್ಲಿ ಸೂಜಿ ಸಿಕ್ಕಿಸಿದ್ದರು. ಮೇಲೆ ತೂಗುಹಾಕಿದ ಗಾಜಿನ ಬಾಟ್ಲಿಯಿಂದ ಉಪ್ಪು ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಗಾಜು, ಕೊಳವೆ, ಹನಿ, ಎಲ್ಲ ನನ್ನ ಲ್ಯಾಬಿನದ್ದೇ, ಆದರೆ ನಾನು ಕೆರೆದು ಚೆಲ್ಲುತ್ತಿದ್ದದ್ದೇ ಇಲ್ಲಿ ಮದ್ದಾಗಿತ್ತು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಶಿವರಾತ್ರಿಯವರೆಗೆ ಈ ಮಗುವಿಗೆ ಉಪ್ಪು ಎಲ್ಲಿಂದ ಬರುತ್ತಿತ್ತು? ಹಾಲಿನಿಂದ ಅಷ್ಟಿಷ್ಟು ಇದ್ದೀತು. ಉಳಿದದ್ದು ಬಾವಿಯಿಂದ. ಅತ್ತೆ ಗೊತ್ತಿಲ್ಲದೆ ಹರಕೆ ತಪ್ಪಿಸುತ್ತಿದ್ದರು, ಗೊತ್ತಿಲ್ಲದೆ ಮಗುವನ್ನು ಕಾಯುತ್ತಿದ್ದರು. ನಾನು ಗೊತ್ತಿದ್ದೂ ಗೊತ್ತಿದ್ದೂ ಉಪ್ಪಿನ ಆ ದಾರಿಯನ್ನು ಮುಚ್ಚಿದೆ. ಇದು ನನ್ನ ಲೆಕ್ಕಾಚಾರ, ಡಾಕ್ಟರು ಹೇಳಿದ್ದಲ್ಲ. ಬಾವಿ ನೀರೇ ಕೊಟ್ಟಿದ್ದರೂ ಆ ಭೇದಿಯಲ್ಲಿ ಏನಾಗುತ್ತಿತ್ತೋ ಹೇಳಲಾರೆ. ಆದರೆ ಅವತ್ತಿನಿಂದ ಇವತ್ತಿನವರೆಗೆ ನನಗೆ ಬೇರೆ ರೀತಿ ಯೋಚಿಸಲು ಆಗಿಲ್ಲ.

ಹನಿ ನಿಂತ ಹಾಗೆ ಕಂಡಾಗಲೆಲ್ಲ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಎರಡೂವರೆಗೆ ಅವಳ ಕೈ ಇನ್ನೊಮ್ಮೆ ಅದುರಿತು. ನರ್ಸ್ ಓಡಿ ಬರುವಷ್ಟರಲ್ಲಿ ನಿಂತಿತು. ಟ್ರೇ ಇನ್ನೂ ಆಚೆ ಮೇಜಿನ ಮೇಲೆಯೇ ಇತ್ತು, ಮೇಲೆ ಬಟ್ಟೆ ಮುಚ್ಚಿ.

ಐದು ಗಂಟೆ ಆಗುತ್ತ ಬಂದಿರಬೇಕು, ಕಿಟಕಿಯ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಮಗು ಕಣ್ಣು ಬಿಟ್ಟಳು. ಮೊದಲು ಏನನ್ನೂ ನೋಡದ ಕಣ್ಣು. ಆಮೇಲೆ ಅತ್ತೆಯ ಕಿವಿಯೋಲೆಯ ಮೇಲೆ ನಿಂತಿತು. ಕೈ ಎತ್ತಲು ನೋಡಿದಳು, ಎತ್ತಲಾಗಲಿಲ್ಲ, ಅತ್ತಳು. ಆ ಅಳು ಕೇಳಿ ನಾನು ಡಾಕ್ಟರನ್ನು ಕರೆಯಲು ಓಡಿದೆ. ಡಾಕ್ಟರು ಬಂದು ನೋಡಿ ಟ್ರೇ ತೆಗೆದುಕೊಂಡು ಹೋಗಲು ಹೇಳಿದರು.

ಸ್ವಲ್ಪ ಹೊತ್ತಿಗೆ ನರ್ಸ್ ಒಂದು ಬಟ್ಟಲು ಗಂಜಿ ತಿಳಿ ತಂದಳು. “ಉಪ್ಪು ಹಾಕಿದ್ದೇನೆ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ” ಎಂದಳು. ನಾನು ಕೈ ಚಾಚಿದೆ. ನನ್ನ ಕೈಗೆ ಸಿಗುವ ಮೊದಲೇ ಅತ್ತೆ ಬಟ್ಟಲು ತೆಗೆದುಕೊಂಡರು.

“ನಾನು ಕೊಡ್ತೇನೆ ಮಾಮಿ. ಹರಕೆ...” ಎಂದೆ. ಅವರಿಂದ ಅದನ್ನು ಮುರಿಸಬಾರದು ಎಂದು ನನ್ನ ಮನಸ್ಸಿನಲ್ಲಿತ್ತು.

“ಹರಕೆ ಹೇಳಿದ್ದು ನಾನು. ನೀನು ಕೊಟ್ರೆ ನಿನಗೆ ತಾಗ್ತದೆ. ನೀನು ಇನ್ನೂ ಹೆರಬೇಕಾದವಳು” ಎಂದರು. ನನ್ನ ಮುಖ ನೋಡಲಿಲ್ಲ. “ಇಬ್ಬರು ಮಕ್ಕಳದ್ದೂ ಲೆಕ್ಕ ನನ್ನ ಹತ್ತಿರವೇ ಇರಲಿ.”

ಮೊದಲ ಚಮಚ ಮಗುವಿನ ಗಲ್ಲದ ಮೇಲೆ ಹರಿಯಿತು. ಎರಡನೆಯದು ಒಳಗೆ ಹೋಯಿತು. ಮಗು ಹುಬ್ಬು ಗಂಟಿಕ್ಕಿ ರುಚಿ ನೋಡಿ, ಮತ್ತೆ ಬಾಯಿ ತೆರೆದಳು. ನಾನು ಅವರ ಕಾಲು ಹಿಡಿದುಕೊಂಡು ಅಳತೊಡಗಿದೆ. ಅವರು ಇನ್ನೊಂದು ಚಮಚ ತುಂಬಿಸುತ್ತ, “ಏಳು ಮಾರಾಯ್ತಿ, ನರ್ಸಮ್ಮ ನೋಡ್ತಾಳೆ” ಎಂದರು. ಸಂಜೆ ಗಂಡ ಬಂದಾಗ ನಾನೇ ಎಲ್ಲ ಹೇಳಿದೆ, ಒಂದು ಅಕ್ಷರ ಬಿಡದೆ.

ಮನೆಗೆ ಮರಳಿದ ಮೇಲೆ ಮಗುವಿಗೆ ಎಲ್ಲರ ಹಾಗೆ ಉಪ್ಪು ಹಾಕಿದ ಗಂಜಿ, ಕುದಿಸಿ ಆರಿಸಿದ ಬಾವಿ ನೀರು. ಕಂದು ಬಾಟ್ಲಿಗಳನ್ನು ಲ್ಯಾಬಿಗೆ ಹಿಂದೆ ಕೊಟ್ಟೆ. ಎರಡು ದಿನ ಕಳೆದು ಊಟಕ್ಕೆ ಕುಳಿತಾಗ ಅತ್ತೆ ತಮ್ಮ ಗಂಜಿಗೆ ಉಪ್ಪು ಹಾಕಿಕೊಳ್ಳಲಿಲ್ಲ. ನಾನು ಉಪ್ಪು ಇಡುವ ಮರದ ಮರಿಗೆಯನ್ನು ಅವರ ಕಡೆ ದೂಡಿದೆ. ಅವರು ಅದನ್ನು ಹಿಂದಕ್ಕೆ ದೂಡಿದರು. ಮಗುವಿಗೆ ವರ್ಷ ತುಂಬಲು ಏಳು ವಾರ ಇತ್ತು. ಅವಳ ಪಾಲಿನದ್ದನ್ನು ತಾನು ಮುಗಿಸುತ್ತೇನೆ ಎಂದು ದೇವರಿಗೆ ಹೇಳಿಕೊಂಡಿದ್ದರಂತೆ. ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ, ಒಣಮೀನು ಇಲ್ಲ. ಹೊರಗೆ ಬೇಸಗೆಯ ಉರಿ, ಅವರು ದಿನವಿಡೀ ಬೆವರು ಸುರಿಸಿ ಕೆಲಸ ಮಾಡುವವರು. ಬೇಡ ಎಂದು ಗಂಡ ಹೇಳಿದರು, ನಾನು ಬೇಡಿಕೊಂಡೆ. ಅವರು ಕೇಳುವವರಲ್ಲ. ನನಗೆ ಆಸ್ಪತ್ರೆಯ ಮೇಜು ಕಣ್ಣ ಮುಂದೆ ಬಂತು.

ಮರುದಿನದಿಂದ ಅವರ ಕುಡಿಯುವ ನೀರನ್ನು ಅವರಿಗೆ ಸೇದಲು ಬಿಡಲಿಲ್ಲ, ನಾನೇ ಸೇದಿದೆ. ಕೊಡವನ್ನು ಆಳಕ್ಕೆ ಇಳಿಸಿ, ಉಪ್ಪು ಹೆಚ್ಚಿರುವ ತಳದ ನೀರು ಎತ್ತಿ, ಮೊದಲು ನಾನು ಒಂದು ಗುಟುಕು ಕುಡಿದು ಸವುಳು ಉಂಟಾ ಎಂದು ನೋಡುತ್ತಿದ್ದೆ. ಸಪ್ಪೆ ಅನ್ನಿಸಿದ ದಿನ ಚೆಲ್ಲಿ ಮತ್ತೆ ಸೇದುತ್ತಿದ್ದೆ. ಗೋಡೆಯ ಆಚೆಯಿಂದ ಅಕ್ಕ ಇದನ್ನೂ ನೋಡಿದರು, ಆದರೆ ಈ ಸಲ ತಮಾಷೆ ಮಾಡಲಿಲ್ಲ.

ಮೊದಲ ದಿನ ಲೋಟ ತುಂಬಿಸಿ ಕೊಟ್ಟಾಗ ಅತ್ತೆ ಅದನ್ನು ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು. ಹಿತ್ತಾಳೆ ತಟ್ಟೆಯ ಬಿಳಿ ಗೆರೆ ಅವರಿಗೆ ಮರೆತಿರಲಿಲ್ಲ.

“ಇದರಲ್ಲಿ ಉಪ್ಪು ಉಂಟಲ್ಲ?” ಎಂದು ಕೇಳಿದರು.

“ಇಲ್ಲ ಮಾಮಿ. ಕುಡೀರಿ” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದೇ ಉಸಿರಿಗೆ ಲೋಟ ಬರಿದು ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ನನ್ನ ಕೈಗಿಟ್ಟರು.

“ನೀನು ಹೇಳಿದ ಮೇಲೆ ಇಲ್ಲ” ಎಂದರು.